ಗರ್ಭಕೋಶದ ಗಡ್ಡೆ ಮತ್ತು ಅಶೋಕದ ಚಕ್ಕೆ



ಮುಟ್ಟಿನ ಸ್ರಾವ ಹೆಚ್ಚಾದಾಗ ಅಶೋಕ ಮರದ ಚಕ್ಕೆಯ ಕಷಾಯ ಕುಡಿಯುವುದು ಮಲೆನಾಡಿನ ಹಳೆಯ ರೂಢಿ. ಆಯುರ್ವೇದದ ಅಶೋಕಾರಿಷ್ಟಕ್ಕೂ ಇದೇ ಚಕ್ಕೆ ಆಧಾರ. ಇದರಿಂದ ಗರ್ಭಕೋಶದ ಗಡ್ಡೆ ಕರಗುವುದೇ ಎಂಬುದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅನೇಕ ಕುಟುಂಬಗಳ ಪ್ರಶ್ನೆಯಾಗಿದೆ.

ಗಡ್ಡೆ ಎಂದರೇನು?

ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವ ಗಂಟಿಗೆ ಫೈಬ್ರಾಯ್ಡ್ ಎನ್ನುವರು. ಇದು ಕ್ಯಾನ್ಸರ್ ಅಲ್ಲ. ಅನೇಕ ಸ್ತ್ರೀಯರಿಗೆ ಇದರಿಂದ ಯಾವ ತೊಂದರೆಯೂ ಇರುವುದಿಲ್ಲ. ಕೆಲವರಲ್ಲಿ ಅತಿಸ್ರಾವ, ಕಿಬ್ಬೊಟ್ಟೆಯ ಭಾರ, ಪದೇ ಪದೇ ಮೂತ್ರ, ಗರ್ಭ ನಿಲ್ಲಲು ಅಡಚಣೆ ಕಾಣಿಸಿಕೊಳ್ಳಬಹುದು. ಸ್ತ್ರೀ ಹಾರ್ಮೋನುಗಳಿಂದ ಬೆಳೆಯುವ ಈ ಗಡ್ಡೆ, ಮುಟ್ಟು ನಿಂತ ನಂತರ ಸಾಮಾನ್ಯವಾಗಿ ಕುಗ್ಗುತ್ತದೆ.

ಔಷಧಿಯ ಗುಣವನ್ನು ಅರಿಯುವುದು ಹೇಗೆ?

ಕಷಾಯದ ನಂತರ ಸ್ರಾವ ತಗ್ಗಿದರೆ ಕಷಾಯವೇ ಕಾರಣವೆಂದು ನಂಬುವುದು ಸಹಜ. ಆದರೆ ಸ್ರಾವವು ಒಂದು ತಿಂಗಳು ಹೆಚ್ಚಿ, ಮತ್ತೊಂದು ತಿಂಗಳು ತಾನಾಗಿಯೇ ತಗ್ಗುವುದುಂಟು. ಆದ್ದರಿಂದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿಯನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ, ಗುಣವಿಲ್ಲದ ಗುಳಿಗೆಯನ್ನೂ ಕೊಟ್ಟು, ಮೊದಲೂ ಕೊನೆಗೂ ಸ್ಕ್ಯಾನಿಂಗ್ ಮೂಲಕ ಗಡ್ಡೆಯನ್ನು ಅಳೆಯಬೇಕು.

ಆಫ್ರಿಕಾ ಖಂಡದ ಈಜಿಪ್ಟಿನಲ್ಲಿ ಹಸಿರು ಚಹದ ಸಾರವನ್ನು ಹೀಗೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆ ಪೂರೈಸಿದವರು 33 ಸ್ತ್ರೀಯರು. ಅವಧಿ 4 ತಿಂಗಳು. ಸಾರ ಸೇವಿಸಿದವರ ಗಡ್ಡೆಗಳು ಸುಮಾರು ಮೂರನೆಯ ಒಂದು ಪಾಲು ಕುಗ್ಗಿದವು. ಉಳಿದವರಲ್ಲಿ ಸುಮಾರು ಕಾಲು ಪಾಲು ಬೆಳೆದವು. ಆದರೂ ಇಷ್ಟು ಚಿಕ್ಕ ಪರೀಕ್ಷೆ ಸಾಲದು. ಅಲ್ಲದೆ ಇಂಥ ಸಾರ ಅತಿಯಾದರೆ ಯಕೃತ್ತಿಗೆ ಹಾನಿಯಾದ ನಿದರ್ಶನಗಳಿವೆ. ಅಶೋಕದ ಚಕ್ಕೆ ಗಡ್ಡೆಯನ್ನು ಕರಗಿಸುವುದೆಂದು ಇಂಥ ದೊಡ್ಡ ಪರೀಕ್ಷೆಯಿಂದ ಸಿದ್ಧಪಟ್ಟಿಲ್ಲ.

ಚಕ್ಕೆಯ ವಿಷಯದಲ್ಲಿಯೂ ಎಚ್ಚರವಿರಲಿ. ನಿಜವಾದ ಅಶೋಕಕ್ಕೆ ಕೇಸರಿಗೆಂಪು ಹೂಗೊಂಚಲು. ಶಾಲೆಯ ಅಂಗಳದಲ್ಲಿ ಕಂಬದಂತೆ ಬೆಳೆಯುವ, ಹಸಿರು ಹೂವಿನ ಮರವನ್ನೂ ಅಶೋಕವೆನ್ನುತ್ತಾರೆ; ಅದು ಬೇರೆಯೇ ಜಾತಿ. ಅದರ ಚಕ್ಕೆ ಮಾರುಕಟ್ಟೆಯಲ್ಲಿ ಬೆರಕೆಯಾಗುವುದುಂಟು.

ನೀವು ಮಾಡಬೇಕಾದುದೇನು?

1. ಸ್ರಾವ 7 ದಿನಕ್ಕಿಂತ ಹೆಚ್ಚಿದ್ದರೆ, ಗಡ್ಡೆಗಟ್ಟಿದ ರಕ್ತ ಹೋಗುತ್ತಿದ್ದರೆ, ಏದುಸಿರು ಬರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಬನ್ನಿರಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೂ ಹಾಗೆಯೇ.

2. ರಕ್ತಪರೀಕ್ಷೆ ಮಾಡಿಸಿರಿ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ. 8ಕ್ಕಿಂತ ಕಡಿಮೆಯಾದರೆ ಅದು ತೀವ್ರವಾದುದು.

3. ಕುಡಿಯುತ್ತಿರುವ ಕಷಾಯವನ್ನು ವೈದ್ಯರಿಗೆ ಮುಚ್ಚಿಡಬೇಡಿರಿ. ಗರ್ಭಿಣಿಯೆಂಬ ಸಂಶಯವಿದ್ದರೆ ಕುಡಿಯಲೇಬೇಡಿರಿ.

4. ಗಡ್ಡೆ ಇದ್ದಮಾತ್ರಕ್ಕೆ ಗರ್ಭಕೋಶವನ್ನು ತೆಗೆಸಬೇಕಾಗಿಲ್ಲ. ಸ್ರಾವ ತಗ್ಗಿಸುವ ಮಾತ್ರೆಗಳಿವೆ. ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ಮುಂದೆ ಮಕ್ಕಳು ಬೇಕೆಂದಿದ್ದರೆ ಮೊದಲೇ ತಿಳಿಸಿರಿ.

ಗಂಡಂದಿರಿಗೆ ಒಂದು ಮಾತು. ‘ಹೆಂಗಸರಿಗೆ ಇದು ಇದ್ದದ್ದೇ, ಕೊನೆಕೊಯ್ಲು ಮುಗಿಯಲಿ’ ಎನ್ನಬೇಡಿರಿ. ಅಡಿಕೆ ಗೊನೆ ನಾಲ್ಕು ದಿನ ಕಾಯಬಹುದು. ಹೋಗುತ್ತಿರುವ ರಕ್ತ ಕಾಯುವುದಿಲ್ಲ. ಪತ್ನಿಯೊಡನೆ ನೀವೂ ಬನ್ನಿರಿ.