ಮರದ ಮೆಟ್ಟಿಲು, ಸೊಂಟದ ಹಗ್ಗ

ತಿರುವನಂತಪುರದ ಕಳಕ್ಕೂಟಂ ಎಂದರೆ ಹೊರಗಿನವರಿಗೆ 1990ರಲ್ಲಿ ಹುಟ್ಟಿದ ಟೆಕ್ನೋಪಾರ್ಕ್ ನೆನಪಾಗುತ್ತದೆ. ಅದರ ಆಚೀಚಿನ ಹಿತ್ತಿಲುಗಳಲ್ಲಿ ಇಂದಿಗೂ ತೆಂಗಿದೆ. ಹತ್ತುವವರು ಮಾತ್ರ ಕಡಿಮೆಯಾಗಿದ್ದಾರೆ. ನುಣುಪಾದ, ಕೊಂಬೆಯಿಲ್ಲದ ಕಂಬದಂಥ ಮರವನ್ನು ಮನುಷ್ಯ ಹೇಗೆ ಹತ್ತುತ್ತಾನೆ, ಬೀಳದಂತೆ ಅವನನ್ನು ಹಿಡಿದಿಡುವುದು ಯಾವುದು ಎಂಬುದೇ ಈ ಅಧ್ಯಾಯದ ವಿಷಯ.

ದಿನಕ್ಕೆ ಎರಡು ಸಲ, ಎರಡು ತಿಂಗಳಿಗೊಮ್ಮೆ

ಕಳ್ಳು ಇಳಿಸುವವನು ಒಂದೇ ಮರವನ್ನು ದಿನಕ್ಕೆ ಎರಡು ಮೂರು ಸಲ ಹತ್ತಬೇಕು. ಹಾಗಾಗಿ ಕೇರಳದಲ್ಲಿ ತೆಂಗಿನ ಸಿಪ್ಪೆಯ ತುಂಡುಗಳನ್ನು ಕಾಂಡಕ್ಕೆ ಹಗ್ಗದಿಂದ ಬಿಗಿದು ಮೆಟ್ಟಿಲು ಮಾಡಿಕೊಳ್ಳುವ ರೂಢಿಯಿದೆ. ಕಾಯಿ ಕೀಳುವವನು ಅದೇ ಮರಕ್ಕೆ ಮರಳಿ ಬರುವುದು ಒಂದೂವರೆ ಎರಡು ತಿಂಗಳ ಮೇಲೆ. ಒಂದು ಬೆಳಗಿನಲ್ಲಿ ಅವನು ಹತ್ತಾರು ಮರ ಮುಗಿಸಬೇಕು. ಮರಮರಕ್ಕೂ ಮೆಟ್ಟಿಲು ಕಟ್ಟುತ್ತ ಕೂರಲು ಅವನಿಗೆ ಬಿಡುವಿಲ್ಲ. ಅವನಿಗೆ ಜೊತೆಯಲ್ಲೇ ಒಯ್ಯುವ ಸಾಧನ ಬೇಕು. ಪಾದಗಳಿಗೆ ತೊಡುವ ಹಗ್ಗದ ಬಳೆ, ನಮ್ಮ ಅಡಿಕೆ ತೋಟಗಳ ತಳೆ, ಅಂಥದ್ದು.

ಕಾಂಡಕ್ಕೆ ಕಚ್ಚು ಹಾಕಿ ಮೆಟ್ಟಿಲು ಮಾಡಬಾರದೇ? ಮಾವು, ಹಲಸಿನ ತೊಗಟೆಯಡಿ ಹೊಸ ಕೋಶಗಳನ್ನು ಹುಟ್ಟಿಸುವ ಪದರವಿದೆ. ಗಾಯ ನಿಧಾನವಾಗಿ ಮುಚ್ಚುತ್ತದೆ. ತೆಂಗಿಗೆ ಅಂಥ ಪದರವಿಲ್ಲ. ಅದಕ್ಕೆ ಹಾಕಿದ ಕಚ್ಚು ಮರವಿರುವಷ್ಟು ಕಾಲವೂ ಉಳಿಯುತ್ತದೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಟ್ಟರೆ ಮರವೇ ಸಾಯಬಹುದು. ಕಡಿಯದೆ ಕಟ್ಟುವುದರಲ್ಲಿ ಹಿರಿಯರ ವಿವೇಕವಿದೆ.

ಚೆಂಬೇರಿಯ ಯಂತ್ರ

ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತ ಎಂ. ಜೆ. ಜೋಸೆಫ್ ರೂಪಿಸಿದ ಯಂತ್ರದಲ್ಲಿ ಎಡಗಾಲಿಗೊಂದು, ಬಲಗಾಲಿಗೊಂದು ಎಂದು ಎರಡು ಭಾಗಗಳಿವೆ. ಪ್ರತಿ ಭಾಗಕ್ಕೂ ಕಾಂಡವನ್ನು ಸುತ್ತುವ ಉಕ್ಕಿನ ಹಗ್ಗ, ಪಾದವಿಡುವ ಮೆಟ್ಟು, ಕೈಹಿಡಿ. ಮೈಭಾರ ಬಿದ್ದ ಕಡೆ ಹಗ್ಗ ಬಿಗಿಯಾಗುತ್ತದೆ, ಭಾರ ತೆಗೆದರೆ ಸಡಿಲಾಗುತ್ತದೆ. ಒಂದರ ಮೇಲೆ ನಿಂತು ಇನ್ನೊಂದನ್ನು ಮೇಲೆತ್ತುತ್ತ ಹೋದರೆ ಮೆಟ್ಟಿಲೇ ನಮ್ಮೊಡನೆ ಮರ ಹತ್ತುತ್ತದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಆರಂಭಿಸಿ, ಯುವಕ ಯುವತಿಯರಿಗೆ ಯಂತ್ರದಿಂದ ಮರ ಹತ್ತಲು ಕಲಿಸಿತು. ತಲೆಮಾರಿನಿಂದ ಕಸುಬು ಬಂದಿರದ ಹೆಣ್ಣುಮಕ್ಕಳೂ ತೆಂಗು ಹತ್ತಿದರು.

ಆದರೆ ಪಾದ ಜಾರಿದರೆ? ಮೆಟ್ಟು ಪಾದವನ್ನು ಹೊರುತ್ತದೆ, ಮೈಯನ್ನು ಹಿಡಿಯುವುದಿಲ್ಲ. ಈ ಕೊರತೆ ತುಂಬಲು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಯಂತ್ರಕ್ಕೆ ಸುರಕ್ಷತಾ ಜೋಡಣೆಯೊಂದನ್ನು ರೂಪಿಸಿತು.

ಅಮೆರಿಕದ ಬೇಟೆಗಾರರಿಂದ ಒಂದು ಪಾಠ

ಮೈಯನ್ನು ಹಿಡಿಯುವ ಇನ್ನೊಂದು ಬಗೆಯೂ ಇದೆ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಮರದಲ್ಲಿ ಕಾದು ಕೂರುವ ಕೆಲವರು ಸೊಂಟ ತೊಡೆಗಳನ್ನು ಆವರಿಸುವ ಪಟ್ಟಿಯ ಜೀನು ತೊಟ್ಟು, ಕಾಂಡಕ್ಕೆ ಕಟ್ಟಿದ ಹಗ್ಗದಲ್ಲಿ ಒರಗಿಕೊಳ್ಳುತ್ತಾರೆ. ಅಲ್ಲಿನ ಎಷ್ಟೋ ಸರ್ಕಾರಿ ಕಾಡುಗಳಲ್ಲಿ ಮರಕ್ಕೆ ಮೊಳೆ, ತಿರುಪು ಹೊಡೆಯುವಂತಿಲ್ಲ. ಆದ್ದರಿಂದ ಮೆಟ್ಟಿಲುಗಳನ್ನು ಪಟ್ಟಿಯಿಂದ ಬಿಗಿದು, ಇಳಿಯುವಾಗ ಬಿಚ್ಚಿ ತರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಬೇಟೆ ನಮಗೆ ಬೇಡವೂ ಬೇಡ. ಬೇಕಾದದ್ದು ಅವರ ಹತ್ತುವ ಕ್ರಮ: ನೆಲ ಬಿಡುವ ಮುನ್ನವೇ ಸೊಂಟದ ಹಗ್ಗವನ್ನು ಮರಕ್ಕೆ ಸುತ್ತುವುದು, ಹತ್ತುತ್ತ ಅದನ್ನೂ ಮೇಲೇರಿಸುವುದು, ಬಿಚ್ಚಬೇಕಾದರೆ ಮೇಲೆ ಇನ್ನೊಂದು ಹಗ್ಗ ಸುತ್ತಿ, ಅದು ಭದ್ರವಾದ ಮೇಲಷ್ಟೇ ಕೆಳಗಿನದನ್ನು ಬಿಚ್ಚುವುದು. ಮೆಟ್ಟಿಲು ತಪ್ಪಿದರೂ ಮನುಷ್ಯ ಮರದಲ್ಲೇ ಉಳಿಯುತ್ತಾನೆ.

ತೆಂಗು ಹತ್ತುವವರನ್ನು ಕರೆಯುವ ಪ್ರತಿ ಮನೆಯೂ ಈ ಸೊಂಟದ ಹಗ್ಗವನ್ನು ಕೇಳಬೇಕು. ಅದನ್ನು ಕಟ್ಟಲು ಹಿಡಿಯುವ ಹೊತ್ತಿಗೂ ಕೂಲಿ ಕೊಡಬೇಕು. ಮರ ಒದ್ದೆಯಿದ್ದ ದಿನ ‘ಇವತ್ತು ಬೇಡ, ನಾಳೆ ಬನ್ನಿ’ ಎನ್ನಬೇಕು. ಒಂದು ದಿನ ತಡವಾದರೆ ಕಾಯಿ ಕೆಡುವುದಿಲ್ಲ.