ಹಬ್ಬದ ಅಲಂಕಾರ ಹಸಿರಾಗಿರಲಿ

ಗೌರಿ-ಗಣೇಶ ಬಂತೆಂದರೆ ಸಾಕು, ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೇವಂತಿಗೆ, ಚೆಂಡುಹೂವು, ಬಾಳೆಕಂದು, ಮಾವಿನಸೊಪ್ಪು... ಚೌಕಾಸಿ ಮಾಡಿ ಬ್ಯಾಗು ತುಂಬಿಸಿಕೊಂಡರೂ ನಮಗೆ ಸಮಾಧಾನವಿಲ್ಲ. ಬರುವ ದಾರಿಯಲ್ಲಿ ಮಿಂಚುವ ತೋರಣ, ಪ್ಲಾಸ್ಟಿಕ್ ಹಾರವೂ ಬೇಕೇ ಬೇಕು. ಪಕ್ಕದ್ಮನೆಯವರ ಮುಂದೆ ನಮ್ಮದು ಸಪ್ಪೆ ಕಾಣಬಾರದಲ್ಲ!

ಸರಿ, ಹಬ್ಬ ಮುಗಿದ ಮೇಲೆ? ಹೂವು, ಎಲೆ ಮಣ್ಣಾಗುತ್ತವೆ. ಥರ್ಮೋಕೋಲ್ ಮಾತ್ರ ಪುಡಿಪುಡಿಯಾಗಿ ಚರಂಡಿ ಸೇರುತ್ತದೆ, ಮಳೆ ಬಂದರೆ ಕೆರೆಗೆ ಹರಿಯುತ್ತದೆ. ಪ್ರಸಾದ ಅಂಟಿದ ಪ್ಲಾಸ್ಟಿಕ್ ಬೀದಿ ಹಸುವಿನ ಹೊಟ್ಟೆಗೆ ಹೋಗುತ್ತದೆ. ಗೋಪೂಜೆ ಮಾಡುವವರೂ ನಾವೇ, ಗೋವಿಗೆ ಪ್ಲಾಸ್ಟಿಕ್ ತಿನ್ನಿಸುವವರೂ ನಾವೇ! ಅಲಂಕಾರದ ಥರ್ಮೋಕೋಲ್ ತಯಾರಿಸುವುದು, ಮಾರುವುದು, ಬಳಸುವುದು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಹಾಗಾದರೆ ಮಂಟಪಕ್ಕೇನು ಮಾಡೋದು ಅಂತೀರಾ? ಇಲ್ಲಿವೆ ನೋಡಿ ಕೆಲವು ಸುಲಭ ಉಪಾಯಗಳು.

* ತೆಂಗಿನ ಗರಿ: ಕಲ್ಪತರು ನಾಡಿನವರಿಗೆ ಗರಿಗೆ ಬರವೇ? ಹೆಣೆದ ಗರಿಯನ್ನು ದೇವರ ಹಿಂದೆ ಕಟ್ಟಿ. ಗಿಣಿ, ಗಿರಿಗಿಟ್ಟಲೆ ಮಾಡಿ ಬಾಗಿಲಿಗೆ ತೂಗುಹಾಕಿ. ಮಕ್ಕಳಿಗೆ ಅಜ್ಜಿಯೇ ಕಲಿಸಿಕೊಡಲಿ. ಆದರೆ ಸುಳಿ ಮಾತ್ರ ಕೀಳಬೇಡಿ, ಮರಕ್ಕೇ ಕುತ್ತು. ಕೆಳಗಿನ ಗರಿ ಸಾಕು.

* ಅಡಿಕೆ ಹಾಳೆ: ಗುಬ್ಬಿ ಕಡೆ ತೋಟವಿರುವ ನೆಂಟರಿದ್ದರೆ ತರಿಸಿಕೊಳ್ಳಿ. ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಕಮಾನಿನಂತೆ ಬಗ್ಗಿಸಿ, ಕಟ್ಟಿ ಒಣಗಿಸಿ. ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಚಿತ್ತಾರ ಬರೆದರೆ ಮಂಟಪ ರೆಡಿ.

* ಹಳೇ ರೇಷ್ಮೆ ಸೀರೆ: ಬೀರುವಿನಲ್ಲಿ ಮಡಚಿಟ್ಟ ಜರಿ ಸೀರೆಯನ್ನು ನೆರಿಗೆ ಹಿಡಿದು ಹಿನ್ನೆಲೆಗೆ ಬಿಡಿ. ದೀಪದಿಂದ ದೂರವಿರಲಿ, ಜೋಕೆ!

* ರಂಗೋಲಿ: ಅಕ್ಕಿಹಿಟ್ಟು ಬಿಳಿಗೆ, ಅರಿಶಿನ ಹಳದಿಗೆ. ಅರಿಶಿನಕ್ಕೆ ಚಿಟಿಕೆ ಸುಣ್ಣ, ನಾಲ್ಕು ಹನಿ ನೀರು ಸೇರಿಸಿ ಚಮಚದಲ್ಲಿ ಕಲೆಸಿದರೆ ಕೆಂಪು. ಸುಣ್ಣ ಮಕ್ಕಳ ಕೈಗೆ ಸಿಗದಿರಲಿ. ಹಿಟ್ಟಿಗೆ ಇರುವೆ ಬಂದರೆ ಬರಲಿ ಬಿಡಿ, ಅವಕ್ಕೂ ಹಬ್ಬ!

* ಬಾಳೆನಾರು: ಹೂವನ್ನು ನೈಲಾನ್ ದಾರದ ಬದಲು ಒದ್ದೆ ಮಾಡಿದ ನಾರಿನಲ್ಲಿ ಕಟ್ಟಿ. ಬಾಡಿದ ಮೇಲೆ ಬಿಡಿಸುವ ಕಷ್ಟವಿಲ್ಲ, ಹಾರ ಸಮೇತ ಗೊಬ್ಬರದ ಗುಂಡಿಗೆ.

ಮನೆಯಲ್ಲಿ ಈಗಾಗಲೇ ಪ್ಲಾಸ್ಟಿಕ್ ಹಾರ ಇದೆಯೇ? ಇದನ್ನೋದಿ ಆವೇಶದಲ್ಲಿ ಬಿಸಾಡಬೇಡಿ, ಅದೂ ಕಸವೇ. ತೊಳೆದಿಟ್ಟು ಹಾಳಾಗುವವರೆಗೂ ಬಳಸಿ, ಹೊಸದು ಕೊಳ್ಳಬೇಡಿ. ಬಾಳೆಕಂದೂ ಅಷ್ಟೇ, ಬಾಗಿಲಿಗೆ ಎರಡು ಸಾಕು.

ಇನ್ನೊಂದು ಮಾತು. ಹಬ್ಬದ ಮಾರನೇ ದಿನ ಬೆಳಿಗ್ಗೆ ನಮ್ಮ ಬೀದಿ ಗುಡಿಸಲು ಬರುವಾಕೆಯೂ ನಮ್ಮ ಹಾಗೇ ಒಬ್ಬಟ್ಟು, ಕಡುಬು ಮಾಡಿ ದಣಿದವಳು. ಚರಂಡಿಗೆ ಕೈಹಾಕಿ ನಮ್ಮ ಮಿಂಚಿನ ತೋರಣ ಎಳೆಯುವ ಕೆಲಸ ಅವಳಿಗೆ ತಪ್ಪಿದರೆ ಗೌರಮ್ಮನಿಗೆ ಅದಕ್ಕಿಂತ ದೊಡ್ಡ ಬಾಗಿನ ಬೇಕೇ? ಈ ಸಲ ಮಾಡಿ ನೋಡ್ತೀರಲ್ಲ?