ಖಿನ್ನತೆಯ ಥೆರಪಿಯಲ್ಲಿ ಹೋಂವರ್ಕ್ ಏಕೆ?

ಖಿನ್ನತೆಗೆ ಕೊಡುವ ಥೆರಪಿಯ ಒಂದು ಸೆಷನ್ ಸುಮಾರು ಮುಕ್ಕಾಲು ಗಂಟೆಯದು. ವಾರದ ಉಳಿದ ಹೊತ್ತೆಲ್ಲ ಮನೆ, ಆಫೀಸು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕಳೆಯುತ್ತದೆ. ಸೆಷನ್ನಿನಲ್ಲಿ ಕಲಿತದ್ದನ್ನು ಅಲ್ಲಿ ಬಳಸಿ ನೋಡುವುದೇ ಹೋಂವರ್ಕ್.

ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಚಟುವಟಿಕೆ. ಖಿನ್ನತೆಯಲ್ಲಿ ಉತ್ಸಾಹ ಕುಗ್ಗುತ್ತದೆ, ಓಡಾಟ ನಿಲ್ಲುತ್ತದೆ, ಖುಷಿ ಕೊಡುವ ಅನುಭವಗಳು ಕಡಿಮೆಯಾಗಿ ಮನಸ್ಸು ಇನ್ನಷ್ಟು ಕುಸಿಯುತ್ತದೆ. ಆದ್ದರಿಂದ ಮನಸ್ಸು ಬರಲೆಂದು ಕಾಯದೆ, ಸಣ್ಣ ಕೆಲಸಕ್ಕೆ ಸಮಯ ಗೊತ್ತುಮಾಡಲಾಗುತ್ತದೆ: ಉದಾಹರಣೆಗೆ, ಬೆಳಗ್ಗೆ 7ಕ್ಕೆ ಯಲಹಂಕ ಕೆರೆಯ ಬಳಿ 10 ನಿಮಿಷ ನಡಿಗೆ. ನಡಿಗೆಗೆ ಮೊದಲು ಮತ್ತು ನಂತರ ಮನಸ್ಸು ಹೇಗಿತ್ತೆಂದು 10ಕ್ಕೆ ಅಂಕ ಕೊಟ್ಟು ಬರೆದಿಡಬೇಕು.

ಎರಡನೆಯದು ಯೋಚನೆಗಳ ದಾಖಲೆ. 'ನನ್ನಿಂದ ಏನೂ ಆಗದು' ಎನ್ನಿಸಿದ್ದು ಯಾವಾಗ? ಅದಕ್ಕೆ ಆಧಾರವೇನು? ಅದನ್ನು ಅಲ್ಲಗಳೆಯುವ ಸಂಗತಿಗಳೇನು?

ಮುಂದಿನ ಸೆಷನ್ನಿನಲ್ಲಿ ಈ ಬರಹವನ್ನು ಥೆರಪಿಸ್ಟ್ ಮತ್ತು ಥೆರಪಿ ಪಡೆಯುವವರು ಇಬ್ಬರೂ ಕೂತು ನೋಡುತ್ತಾರೆ. ಹೋಂವರ್ಕ್ ಮಾಡಲಾಗದಿದ್ದರೆ ಅದು ಸೋಲಲ್ಲ. ಅಡ್ಡಿ ಏನೆಂದು ತಿಳಿದು ಕೆಲಸವನ್ನು ಚಿಕ್ಕದಾಗಿಸಲಾಗುತ್ತದೆ.

ಗೋವಾದಲ್ಲಿ ನಡೆದು 2017ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಇಂಥ ಚಟುವಟಿಕೆ ಆಧಾರಿತ ಸಮಾಲೋಚನೆ ಕೊಟ್ಟಾಗಲೂ ಖಿನ್ನತೆ ತಗ್ಗಿತು.

ನೆರವು ಬೇಕಾದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಲಭ್ಯ.